ಕೋಳಿಯಿಲ್ಲದ ಕೋಳಿಗೆ ಬಾಟಲ್ ತೊಳೆದ ವರ್ಷ

ಹೋದ ತಿಂಗಳು ನಮ್ಮ ಬೀದಿಯ ಮೋರಿ ಕಟ್ಟಿಕೊಂಡು ನೀರೆಲ್ಲ ರಸ್ತೆಗೆ ಬಂತು. ಪುರಸಭೆಯವರು ಬಂದು ಮೋರಿಯ ಉದ್ದಕ್ಕೂ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಸೊಪ್ಪಿನ ಚೀಲ ಹಿಡಿದು ಹೋಗುತ್ತಿದ್ದ ನನಗೆ ಆ ವಾಸನೆ ಮೂಗಿಗೆ ಬಡಿದು ಕಾಲು ಅಲ್ಲೇ ನಿಂತಿತು. ಬೇರೆಯವರಿಗೆ ಅದು ಮೋರಿಯ ವಾಸನೆ, ಕಕ್ಕಸಿನ ವಾಸನೆ. ನನಗೆ ಎರಡು ಕೋಣೆ ನೆನಪಿಗೆ ಬರುತ್ತವೆ. ಒಂದು, ನಮ್ಮ ಮನೆಯ ಹಿಂದಿದ್ದ ರೇಷ್ಮೆ ಹುಳದ ಕೋಣೆ. ಇನ್ನೊಂದು, ಬೊಮ್ಮಸಂದ್ರದ ಹತ್ತಿರ ಕೋಳಿಯನ್ನು ಕೊಲ್ಲದೆ ಕೋಳಿ ಮಾಂಸ ಬೆಳೆಸಲು ಹೊರಟಿದ್ದ ಲ್ಯಾಬು. ಎರಡರಲ್ಲೂ ನಾನು ಮಾಡಿದ್ದು ಸರಿಯೋ ತಪ್ಪೋ, ಮಾಡಿದ್ದಾದರೂ ಏನು ಎನ್ನುವುದು ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ತಿಳಿದಷ್ಟು ಬರೆಯುತ್ತೇನೆ.

ಆಗ ಹೊಸೂರು ರಸ್ತೆಯಲ್ಲಿ ಫ್ಲೈಓವರ್ ಇತ್ತು, ಮೆಟ್ರೋ ಕಂಬ ಇನ್ನೂ ಎದ್ದಿರಲಿಲ್ಲ. ನಮ್ಮ ಹಿಪ್ಪುನೇರಳೆ ತೋಟ ಇದ್ದ ಜಾಗದಲ್ಲಿ ಬೇರಿಂಗ್ ಮಾಡುವ ಫ್ಯಾಕ್ಟರಿ ಬಂದು ಬಹಳ ವರ್ಷವಾಗಿತ್ತು. ಸೊಪ್ಪು ಇಲ್ಲದ ಮೇಲೆ ಹುಳ ಸಾಕುವುದೂ ಇಲ್ಲ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಕೂತು ಬೇಸರವಾಗಿ, ಅರವತ್ತು ತುಂಬಿದ್ದರೂ ಐವತ್ತು ಎಂದು ಬರೆಸಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದೆ. ಕಂಟ್ರಾಕ್ಟರು ನನ್ನನ್ನು ಆ ಲ್ಯಾಬಿಗೆ ಹಾಕಿದ. ಗಾಜಿನ ಬಾಟಲ್ ತೊಳೆಯುವ ಕೆಲಸ. ಜೊತೆಗೆ ಬಸವ್ವ ಎಂಬುವಳು ಇದ್ದಳು. ಬಾಗಲಕೋಟೆ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಹೆಬ್ಬಗೋಡಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ನಮ್ಮ ಮೇಲೆ ಸೂಪರ್‌ವೈಸರ್ ನಾಗರಾಜ. ಎಲ್ಲರ ಮೇಲೆ ಶೈಲಜಾ ಮೇಡಂ.

ಶೈಲಜಾ ಮೇಡಂ ನಲವತ್ತು ದಾಟಿದ ತೆಳ್ಳನೆಯ ಹೆಂಗಸು. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಆ ಪೆನ್ನನ್ನೇ ಹುಡುಕುತ್ತಿದ್ದರು. ಮೊದಲು ಕೋಳಿಗಳಿಗೆ ಲಸಿಕೆ ಮಾಡುವ ಕಂಪನಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದರಂತೆ. ಅದನ್ನು ಬಿಟ್ಟು ಇಲ್ಲಿಗೆ ಬಂದು, ಏಳು ಜನ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಈ ಕೆಲಸ ಶುರು ಮಾಡಿದ್ದರು. ಮೊದಲ ದಿನವೇ ನಾನು ಕೇಳಿದೆ.

"ಇಲ್ಲಿ ಏನ್ ಮಾಡ್ತೀರಾ ಮೇಡಂ?"

"ಕೋಳಿ ಮಾಂಸ ಬೆಳೆಸ್ತೀವಿ, ಪಿಳ್ಳಮ್ಮ. ಕೋಳಿ ಕೊಲ್ಲದೆ."

"ಕೋಳಿ ಎಲ್ಲೈತೆ?"

"ಇಲ್ಲಿಲ್ಲ. ಅದರ ಮೈಯಿಂದ ಸಾಸಿವೆಯಷ್ಟು ತಗೊಂಡಿದೀವಿ. ಅದಕ್ಕೆ ಊಟ ಕೊಟ್ಟು ಬೆಚ್ಚಗಿಟ್ರೆ ಅದೇ ಬೆಳೆಯುತ್ತೆ."

"ಆ ಕೋಳಿ?"

"ಅದು ಎಲ್ಲೋ ಓಡಾಡಿಕೊಂಡಿರುತ್ತೆ."

"ಕೋಳಿ ಅಲ್ಲಿ ತಿಪ್ಪೆ ಕೆದರ್ತೈತೆ, ಅದರ ಮಾಂಸ ಇಲ್ಲಿ ಬಾಟಲಲ್ಲಿ ಬೆಳೀತೈತೆ?"

"ಹೂಂ."

ಬಸವ್ವ ಗಾಬರಿಯಾದಳು. ಅವಳು ಕೊರಳಲ್ಲಿ ಲಿಂಗ ಕಟ್ಟಿದವಳು. "ಮ್ಯಾಡಂ, ಹಂಗಂದ್ರ ನಾವು ತಿಕ್ಕೂದು ಮಾಂಸದ ಭಾಂಡೆ ಆತಲ್ರೀ!"

"ನಾನೂ ತಿನ್ನಲ್ಲ ಬಸವ್ವ. ಹುಟ್ಟಿದಾಗಿಂದ ಬಾಯಿಗಿಟ್ಟಿಲ್ಲ."

"ತಿನ್ನದೇ ಇರೋರು ಯಾಕ್ ಬೆಳೀತೀರಾ?" ಎಂದೆ ನಾನು. ಮೇಡಂ ನಕ್ಕರು.

ಆದರೆ ಒಳಗಿನ ಕೋಣೆ ನೋಡಿದಾಗ ನನಗೆ ಹೊಸದೆನ್ನಿಸಲಿಲ್ಲ. ಒಂದೇ ಹದದ ಬಿಸಿ. ಚಪ್ಪಲಿ ಹೊರಗೆ. ಕೈ ತೊಳೆದೇ ಒಳಗೆ. ಸೆಂಟು ಹಾಕಿಕೊಂಡವರಿಗೆ ಪ್ರವೇಶವಿಲ್ಲ. ಬೇರೆಯವರು ಇಣುಕಬಾರದು. ಇದು ನಮ್ಮ ಚಾಕಿ ಕೋಣೆಯೇ. ಮೊಟ್ಟೆಯೊಡೆದ ರೇಷ್ಮೆ ಮರಿಹುಳ ಇರುವೆಗಿಂತ ಸಣ್ಣಗಿರುತ್ತದೆ. ಅದನ್ನು ಮೊದಲ ಕೆಲವು ದಿನ ಸಾಕುವ ಕೋಣೆಗೆ ಚಾಕಿ ಕೋಣೆ ಎನ್ನುತ್ತೇವೆ. ಊದುಬತ್ತಿ ಹೊಗೆ ತಾಕಿದರೆ ಸಾಯುತ್ತದೆ, ಹೊಗೆಸೊಪ್ಪಿನ ಕೈ ತಾಕಿದರೆ ಸಾಯುತ್ತದೆ. ಕೆಟ್ಟ ಕಣ್ಣು ಬಿದ್ದರೂ ಸಾಯುತ್ತದೆ ಎಂದು ನಾವು ನಂಬಿದ್ದೆವು. ನನ್ನ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ ಚೌಡಮ್ಮ, ಒಂದು ವರ್ಷ ನಮ್ಮ ಹುಳದ ಒಂದು ಇಡೀ ಬೆಳೆಯನ್ನು ಕಣ್ಣಿಟ್ಟು ಕೊಂದಳು ಎಂದು ನಾನೇ ಬೀದಿಯಲ್ಲಿ ನಿಂತು ಕೂಗಿದ್ದೆ. ಆಮೇಲೆ ಅವಳನ್ನು ಆ ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಅದೇ ಮಾತಿಗೆ ಮನೆಯೂ ಎರಡಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವಿಬ್ಬರೂ ಒಂದೇ ಊರಿನಲ್ಲಿದ್ದು ಮಾತಾಡಿರಲಿಲ್ಲ.

ಲ್ಯಾಬಿನ ಫ್ರೀಜರಿನಲ್ಲಿ ಜೇನಿನ ಬಣ್ಣದ ಬಾಟಲುಗಳಿದ್ದವು. ಹುಡುಗರು ಅವನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದರು. ಖಾಲಿಯಾದದ್ದು ಒಂದು ನನ್ನ ಸಿಂಕಿಗೆ ಬಂದಾಗ ಮೇಡಂ ಅವರನ್ನು ಕೇಳಿದೆ.

"ಇದೇನು, ಜೇನುತುಪ್ಪಾನಾ?"

ಮೇಡಂ ಸುತ್ತ ನೋಡಿ ಮೆಲ್ಲಗೆ ಹೇಳಿದರು. "ಕರುವಿನ ರಕ್ತದ ತಿಳಿ. ಹುಟ್ಟದೇ ಇರೋ ಕರು. ಹೊರದೇಶದಿಂದ ಬರುತ್ತೆ. ಅಲ್ಲಿ ಕಡಿಯೋಕೆ ತಂದ ಹಸು ಗಬ್ಬ ಇದ್ರೆ, ಹೊಟ್ಟೇಲಿರೋ ಕರುವಿಂದ ತೆಗೀತಾರೆ. ಇದು ಹಾಕಿದ್ರೇನೇ ನಮ್ಮ ಮಾಂಸ ಬೆಳೆಯೋದು."

ನನಗೆ ತಲೆ ಕೆಟ್ಟಿತು. "ಕೋಳಿ ಉಳಿಸಾಕೆ ಕರು ರಕ್ತಾನಾ? ಇದ್ಯಾವ ಸೀಮೆ ಪುಣ್ಯ ಮೇಡಂ?"

ನಾಗರಾಜ ಆಗಿದ್ದರೆ ರೇಗುತ್ತಿದ್ದ. ಮೇಡಂ ರೇಗಲಿಲ್ಲ. "ಅದಕ್ಕೇ ನಾನು ಆ ಲಸಿಕೆ ಕೆಲಸ ಬಿಟ್ಟು ಬಂದಿದ್ದು. ಈ ರಕ್ತ ಇಲ್ಲದೆ ಬೆಳೆಸಬೇಕು. ಗಿಡದಿಂದ ಮಾಡಿದ ಊಟ ಒಂದು ಕಂಡುಹಿಡಿದಿದೀನಿ. ದುಡ್ಡು ಹಾಕಿದವರು ದೀಪಾವಳಿವರೆಗೆ ಟೈಮ್ ಕೊಟ್ಟಿದಾರೆ. ರಕ್ತ ಹಾಕದೆ ಒಂದು ತಿಂಗಳು ಬದುಕಿಸಿ ತೋರಿಸಬೇಕು. ಆಗಲಿಲ್ಲ ಅಂದ್ರೆ ಇದೆಲ್ಲ ಸುಳ್ಳು ಅಂತಾರೆ, ಬಾಗಿಲು ಹಾಕ್ತಾರೆ. ಹಾಕಲಿಲ್ಲ ಅಂದ್ರೂ ನಾನೇ ಹಾಕ್ತೀನಿ."

ಆವತ್ತು, ಒಳಗಿನ ಕೋಣೆಯಲ್ಲಿ ಬಾಟಲು ಬೆಚ್ಚಗಿಡುವ ಬೀರು ಎರಡು ಇದ್ದದ್ದು ಯಾಕೆಂದು ನನಗೆ ತಿಳಿಯಿತು. ಎಡಗಡೆಯದು ಕರುವಿನ ರಕ್ತ ಕುಡಿಯುವವು. ಬಲಗಡೆಯದು ಗಿಡದ ಊಟದವು.

ಮೊದಲ ಮಳೆ ಬಿದ್ದ ವಾರ ಬಾಟಲುಗಳಲ್ಲಿ ಬೂಷ್ಟು ಬಂತು. ಎರಡೂ ಬೀರುವಿನಲ್ಲಿ ಬಿಳಿ ಬಿಳಿ ಹತ್ತಿಯ ಹಾಗೆ. ಎಲ್ಲ ಎಸೆದರು. ನಾಗರಾಜ ಸೀದಾ ನಮ್ಮ ಸಿಂಕಿಗೆ ಬಂದ.

"ಏನಜ್ಜಿ, ಮನೇಲೂ ಇಂಗೇ ತೊಳೀತೀಯಾ? ಕೊಳಕೆಲ್ಲ ನಿಮ್ಮ ಸೀರೆಯಿಂದಾನೇ ಬರೋದು."

"ನಿನ್ ಶೂ ಯಾವತ್ತು ತೊಳ್ದಿದ್ಯಪ್ಪಾ?" ಎಂದೆ. ಬಸವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಬಾಯಿಗೆ ಬಂದದ್ದು ಹೇಳಿದೆ, ಆದರೆ ಮನಸ್ಸಿಗೆ ನಾಟಿತು. ಹುಳ ಸಾಕಿದ ಮನೆಯವಳಿಗೆ ಕೊಳಕಿ ಎನ್ನುವುದೆಂದರೆ ಸಣ್ಣ ಮಾತಲ್ಲ. ಅವರು ಹೇಳಿಕೊಟ್ಟ ತೊಳೆಯುವ ಕ್ರಮ ಹೀಗಿತ್ತು: ಅವರದೇ ಸೋಪಿನ ನೀರು, ಆಮೇಲೆ ನಲ್ಲಿ ನೀರು ಐದು ಸಲ, ಆಮೇಲೆ ಕ್ಯಾನಿನಲ್ಲಿ ಬರುವ ಭಟ್ಟಿ ನೀರು ಮೂರು ಸಲ, ಆಮೇಲೆ ದೊಡ್ಡ ಕುಕ್ಕರಿನಂಥ ಮಿಷನ್ನಿಗೆ. ನಮ್ಮ ಚಾಕಿ ತಟ್ಟೆಗೆ ಇನ್ನೊಂದು ಇತ್ತು. ಎಲ್ಲ ಆದ ಮೇಲೆ ಬ್ಲೀಚಿಂಗ್ ನೀರಿನಲ್ಲಿ ಒಂದು ಮುಳುಗು. ಅದನ್ನು ಮತ್ತೆ ತೊಳೆಯಬಾರದು, ಹಾಗೇ ಒಣಗಬೇಕು. ಆಗಲೇ ರೋಗ ಹತ್ತಿರ ಬರುವುದಿಲ್ಲ. ಕಕ್ಕಸಿಗೆ ತಂದಿಟ್ಟ ಬ್ಲೀಚಿಂಗ್ ಪುಡಿ ಇತ್ತು. ಒಂದು ಬಕೆಟ್ಟಿನಲ್ಲಿ ತೆಳ್ಳಗೆ ಕಲಸಿ ಸಿಂಕಿನ ಕೆಳಗೆ ಇಟ್ಟುಕೊಂಡೆ. ಮಾಂಸಕ್ಕೆ ಹಾಕುವ ಊಟದ ನೀರು ತುಂಬುವ ಬಾಟಲುಗಳಿಗೆಲ್ಲ, ಮಿಷನ್ನಿಗೆ ಕೊಡುವ ಮೊದಲು, ಕೊನೆಗೆ ಒಂದು ಮುಳುಗು. ನಾಗರಾಜನಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದ. ಬೇಡ ಅನ್ನುವುದೇ ಅವನ ಕೆಲಸ. ಇಡೀ ಕಟ್ಟಡಕ್ಕೇ ಕಕ್ಕಸಿನ ಬ್ಲೀಚಿಂಗ್ ವಾಸನೆ ಇದ್ದುದರಿಂದ ಯಾರ ಮೂಗಿಗೂ ಬೇರೆ ಗೊತ್ತಾಗಲಿಲ್ಲ.

ಬೂಷ್ಟು ನಿಂತಿತು. ನಾಗರಾಜನೇ ಬಂದು, "ಈಗ ನೋಡಜ್ಜಿ, ಬೈದ ಮೇಲೆ ಎಂಗೆ ಕೆಲಸ ಆಯ್ತದೆ" ಎಂದ. ನಾನು ಒಳಗೊಳಗೇ ನಕ್ಕೆ.

ಆದರೆ ಬಲಗಡೆ ಬೀರುವಿನವು ಸಾಯತೊಡಗಿದವು. ಎಡಗಡೆ ರಕ್ತ ಕುಡಿಯುವವು ಚೆನ್ನಾಗಿದ್ದವು. ಬಲಗಡೆಯವು ನಾಲ್ಕು ದಿನ, ಐದು ದಿನ, ಅಷ್ಟೇ. ಮೇಡಂ ಗಿಡದ ಊಟದಲ್ಲಿ ಅದು ಹೆಚ್ಚು ಮಾಡಿದರು, ಇದು ಕಮ್ಮಿ ಮಾಡಿದರು. ಮಧ್ಯಾಹ್ನದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ಯುತ್ತಿದ್ದರು. ಒಂದು ದಿನ ನನ್ನನ್ನು ಕರೆದು, ಸಣ್ಣದನ್ನು ದೊಡ್ಡದು ಮಾಡುವ ದುರ್ಬೀನಿನಲ್ಲಿ ತೋರಿಸಿದರು. ಬದುಕಿದ್ದವು ರೊಟ್ಟಿ ತಟ್ಟಿದ ಹಾಗೆ ತಳಕ್ಕೆ ಅಂಟಿಕೊಂಡಿದ್ದವು. ಸತ್ತವು ಸಬ್ಬಕ್ಕಿಯ ಹಾಗೆ ದುಂಡಗಾಗಿ ತೇಲುತ್ತಿದ್ದವು.

"ಜ್ವರಕ್ಕೆ ಕೂತಿರಬೇಕು ಮೇಡಂ," ಎಂದೆ. ರೇಷ್ಮೆ ಹುಳ ಪೊರೆ ಬಿಡುವಾಗ ಒಂದು ದಿನ ತಿನ್ನದೆ ಅಲ್ಲಾಡದೆ ಇರುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. "ನಾಳೆ ಏಳ್ತಾವೆ ಬುಡಿ."

"ಇಲ್ಲ ಪಿಳ್ಳಮ್ಮ. ಸತ್ತೇ ಹೋಗಿವೆ." ಮೇಡಂ ಕಣ್ಣು ದುರ್ಬೀನಿನ ಮೇಲೇ ಇತ್ತು. "ರಕ್ತ ಇಲ್ಲದೆ ಆಗಲ್ಲವೇನೋ. ಎಲ್ಲರೂ ಹೇಳ್ತಾ ಇದ್ರು, ನಾನೇ ಕೇಳಲಿಲ್ಲ."

ಆ ಹೊತ್ತಿಗೆ ನನಗೇ ನಿಜವಾದ ಜ್ವರ ಬಂತು. ಚಿಕುನ್‌ಗುನ್ಯಾ. ಮೂರು ವಾರ ಲೋಟ ಹಿಡಿಯಲೂ ಬೆರಳು ಮಡಚಲಿಲ್ಲ. ವಾಪಸ್ಸು ಹೋದ ದಿನ ಬಸವ್ವ ಬಾಗಿಲಲ್ಲೇ ಹಿಡಿದಳು.

"ಯಕ್ಕಾ, ನೀ ಇಲ್ಲದಾಗ ಎಷ್ಟ್ ಚಲೋ ನಡೀತ ಗೊತ್ತೇನ? ಬಲಗಡೆ ಬೀರುದಾಗಿನ್ವು ಬದುಕ್ಯಾವ! ಹದಿನೆಂಟು ದಿನಾ ಆತು. ಮ್ಯಾಡಂ ಎಲ್ಲಾರಿಗೂ ಪೇಡೆ ಕೊಟ್ಟಾರ."

"ನನ್ ಪೇಡ?"

"ನಾನ ತಿಂದ್ನಿ. ನೀ ಸಾಯ್ತೀ ಅಂತಿದ್ದ ನಾಗರಾಜ."

ನಾನು ಸೀರೆ ಸೆರಗು ಸಿಕ್ಕಿಸಿ ಕೆಲಸಕ್ಕೆ ಕೂತೆ. ಬಕೆಟ್ಟು ಒಣಗಿ ಬಿದ್ದಿತ್ತು. ಸೋಮಾರಿ ಎಂದು ಬಸವ್ವನಿಗೆ ಬೈದು ಹೊಸದಾಗಿ ಕಲಸಿದೆ. ಮುಂದಿನ ವಾರ ಬಲಗಡೆ ಬೀರುವಿನವು ಎಲ್ಲ ಸತ್ತವು.

ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅನ್ನುವ ಮೊದಲೇ ನನಗೆ ಹೊಳೆದಿತ್ತು. ನಾನಿದ್ದಾಗ ಸತ್ತವು. ನಾನು ಹೋದಾಗ ಬದುಕಿದವು. ನಾನು ಬಂದೆ, ಸತ್ತವು. ಚೌಡಮ್ಮನ ಬಗ್ಗೆ ನಾನು ಬೀದಿಯಲ್ಲಿ ನಿಂತು ಹಾಕಿದ್ದ ಲೆಕ್ಕ ಇದೇ. ಈಗ ಅದು ತಿರುಗಿ ನನ್ನ ಮುಂದೆಯೇ ನಿಂತಿತು. ಎರಡು ದಿನ ಬಾಯಿ ಬಿಡಲಿಲ್ಲ. ದೀಪಾವಳಿಗೆ ಐದು ವಾರ ಉಳಿದಿತ್ತು. ಮೂರನೇ ದಿನ ಮೇಡಂ ಕೋಣೆಗೆ ಹೋದೆ. ನಾಗರಾಜನೂ ಅಲ್ಲಿದ್ದ.

"ಮೇಡಂ, ನನ್ನ ಕೆಲಸದಿಂದ ತೆಗೆದಾಕಿ."

"ಯಾಕೆ? ಮೈ ಇನ್ನೂ ಸರಿ ಹೋಗಿಲ್ವಾ?"

"ನನ್ ಕಣ್ಣು ಸರಿ ಇಲ್ಲ. ನಾನ್ ಬಂದ್ರೆ ನಿಮ್ ಮಾಂಸ ಸಾಯ್ತೈತೆ. ಲೆಕ್ಕ ಹಾಕಿ ನೋಡಿ."

ನಾಗರಾಜ ಜೋರಾಗಿ ನಕ್ಕ. "ಸೈನ್ಸ್ ಲ್ಯಾಬಲ್ಲಿ ದೃಷ್ಟಿ ತೆಗೀಬೇಕಂತೆ ಮೇಡಂ!"

ಮೇಡಂ ನಗಲಿಲ್ಲ. ಕೂದಲಿನಿಂದ ಪೆನ್ನು ತೆಗೆದು, ಗೋಡೆಯ ಕ್ಯಾಲೆಂಡರಿನಲ್ಲಿ ನಾನು ರಜೆ ಇದ್ದ ದಿನಗಳಿಗೆ ಗೀಟು ಹಾಕಿದರು. ತಮ್ಮ ಪುಸ್ತಕ ತೆರೆದು ಪಕ್ಕದಲ್ಲಿ ಹಿಡಿದರು. ಬಹಳ ಹೊತ್ತು ನೋಡಿದರು.

"ಕಣ್ಣು ಬಿಡಿ ಪಿಳ್ಳಮ್ಮ. ನಿಮ್ಮ ಕೈ ಏನು ಮಾಡುತ್ತೆ, ಅದನ್ನ ತೋರಿಸಿ."

"ಬಾಟಲ್ ತೊಳೀತೈತೆ, ಇನ್ನೇನು?"

"ತೊಳೆದು ತೋರಿಸಿ."

ಮೂವರೂ ಸಿಂಕಿನ ಹತ್ತಿರ ಬಂದೆವು. ಸೋಪಿನ ನೀರು, ನಲ್ಲಿ ನೀರು ಐದು ಸಲ, ಭಟ್ಟಿ ನೀರು ಮೂರು ಸಲ. ಮೇಡಂ ಬೆರಳು ಮಡಚಿ ಎಣಿಸುತ್ತಿದ್ದರು. ಆಮೇಲೆ ನಾನು ಬಗ್ಗಿ ಸಿಂಕಿನ ಕೆಳಗಿಂದ ಬಕೆಟ್ಟು ಎಳೆದೆ.

"ಅದೇನದು?"

"ಬ್ಲೀಚಿಂಗ್ ನೀರು. ಕೊನೇಗೆ ಒಂದ್ ಮುಳುಗು."

ಮೇಡಂ ಬಾಟಲ್ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಪಕ್ಕದಲ್ಲಿ ಬೋರಲು ಹಾಕಿದ್ದ ಇನ್ನೊಂದು ಬಕೆಟ್ಟಿನ ಮೇಲೆ ಕೂತುಬಿಟ್ಟರು.

"ಯಾವಾಗಿಂದ?"

"ಮೊದಲ್ನೇ ಮಳೆ ಆದಾಗಿಂದ. ಬೂಷ್ಟು ನಿಂತಿದ್ದು ಇದರಿಂದಾನೇ."

"ನನಗೆ ಒಂದು ಮಾತು ಹೇಳಬಾರದಿತ್ತಾ?" ಸಿಟ್ಟೋ ಅಳುವೋ ನನಗೆ ಗೊತ್ತಾಗಲಿಲ್ಲ.

"ನೀವ್ ಕೇಳ್ಲಿಲ್ಲ."

ಅದು ನಿಜವಾಗಿತ್ತು. ನಾಗರಾಜ ಬಾಯಿ ತೆರೆದ, ಮೇಡಂ ಕೈಯೆತ್ತಿ ತಡೆದರು. "ಮೂರು ತಿಂಗಳು ನಾನು ಊಟದಲ್ಲಿ ತಪ್ಪು ಹುಡುಕಿದೆ ನಾಗರಾಜ. ಈ ಸಿಂಕ್ ಹತ್ರ ಒಂದು ದಿನ ಬಂದು ನಿಂತಿಲ್ಲ. ನೀವೂ ನಿಂತಿಲ್ಲ."

ಎಡಗಡೆಯವು ಯಾಕೆ ಸಾಯಲಿಲ್ಲ ಎಂದು ಕೇಳಿದೆ. ಬಾಟಲಿನಲ್ಲಿ ಉಳಿದ ಬ್ಲೀಚಿಂಗ್ ವಿಷವನ್ನು ಆ ಕರುವಿನ ರಕ್ತ ತಾನು ಹೀರಿಕೊಂಡು ಅವುಗಳನ್ನು ಕಾಪಾಡುತ್ತಿತ್ತಂತೆ. ಗಿಡದ ಊಟಕ್ಕೆ ಆ ಶಕ್ತಿ ಇರಲಿಲ್ಲ. ಸತ್ತ ಕರು ಕಾಪಾಡುತ್ತಿತ್ತು, ಕಾಪಾಡಲು ಹೋದ ನಾನು ಕೊಲ್ಲುತ್ತಿದ್ದೆ. ಇದನ್ನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದರೂ ನನಗೆ ನೇರವಾಗುವುದಿಲ್ಲ.

ನನ್ನನ್ನು ತೆಗೆಯಲಿಲ್ಲ. ಸಿಂಕಿನ ಮೇಲೆ ಮೊಳೆ ಹೊಡೆದು ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದರು. ದಿನ ದಿನ ಏನು ಮಾಡಿದೆವು ಎಂದು ಅದರಲ್ಲಿ ಬರೆಯಬೇಕು. ಮೂರನೇ ಕ್ಲಾಸು ಓದಿದ ನಾನು ಬರೆಯುವುದು ಬಿಟ್ಟು ಐವತ್ತು ವರ್ಷವಾಗಿತ್ತು. "ಬ್ಲೀಚಿಂಗ್" ಎಂದು ಬರೆಯಲು ಒಂದು ವಾರ ಹಿಡಿಯಿತು, ಅದನ್ನು "ಹಾಕಿಲ್ಲ" ಎಂದು ಬರೆಯಲಿಕ್ಕೇ ಕಲಿತದ್ದು. ಬಸವ್ವನದೂ ನಾನೇ ಬರೆಯುತ್ತಿದ್ದೆ. ಮೇಡಂ ಸಂಜೆ ಸಂಜೆ ಬಂದು ಓದುತ್ತಿದ್ದರು. ಒಂದು ದಿನ "ಇವತ್ತು ನಾಗರಾಜ ಶೂ ತೊಳೆದ" ಎಂದು ಬರೆದಿದ್ದೆ, ಅದನ್ನೂ ಓದಿ ಸಹಿ ಮಾಡಿದರು.

ಬಲಗಡೆಯವು ಬದುಕಿದವು. ಒಂದು ವಾರ, ಎರಡು ವಾರ, ಒಂದು ತಿಂಗಳೂ ತುಂಬಿತು. ದೀಪಾವಳಿಗೆ ಮೂರು ದಿನ ಇದ್ದಾಗ, ಉಗುರಿನಷ್ಟು ಬಿಳಿಚಿದ ಚೂರೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಮೇಡಂ ಸಿಂಕಿನ ಹತ್ತಿರ ಬಂದರು. ಬೇಯಿಸಿದ್ದರು.

"ನಮ್ಮಲ್ಲಿ ಕೋಳಿ ರುಚಿ ಗೊತ್ತಿರೋರು ನೀವು. ತಿಂದು ಹೇಳಿ."

"ಇವತ್ತು ಶನಿವಾರ. ಶನಿವಾರ ನಾನು ಮಾಂಸ ಮುಟ್ಟಲ್ಲ."

"ಯಾವ ಪ್ರಾಣೀನೂ ಸತ್ತಿಲ್ಲವಲ್ಲ ಪಿಳ್ಳಮ್ಮ."

"ಅಂಗಾರೆ ಇದು ಮಾಂಸ ಅಲ್ವಾ?"

"ಮಾಂಸಾನೇ."

"ಮತ್ತೆ ಶನಿವಾರ ಎಂಗ್ ತಿನ್ಲಿ?"

"ಅಲ್ಲ, ಅಂದ್ರೆ..." ಮೇಡಂ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ನನಗೂ ಗೊತ್ತಿಲ್ಲ," ಎಂದರು. ಇಬ್ಬರೂ ಆ ಚೂರನ್ನೇ ನೋಡುತ್ತ ನಿಂತಿದ್ದೆವು. ಕೊನೆಗೆ ಅದನ್ನು ಶನಿವಾರದ ಕಟ್ಟು ಇಲ್ಲದ ನಾಗರಾಜ ತಿಂದ. ಉಪ್ಪು ಕಮ್ಮಿ ಎಂದ.

ದುಡ್ಡು ಹಾಕಿದವರು ಕಾರಿನಲ್ಲಿ ಬಂದು ನೋಡಿದರು. ಕೈ ಕುಲುಕಿದರು. ಮೇಡಂ ಗೆದ್ದರು ಎಂದು ಎಲ್ಲರೂ ಹೇಳಿದರು. ಆಮೇಲೆ ಲ್ಯಾಬು ಮುಚ್ಚಿದರು. ಸೋತರೆ ಮುಚ್ಚುತ್ತಾರೆ ಎಂದಿದ್ದರು, ಗೆದ್ದ ಮೇಲೂ ಮುಚ್ಚುವುದು ಯಾಕೆ ಎಂದು ಕೇಳಿದೆ. "ಇನ್ನು ಮನೆಯಷ್ಟು ದೊಡ್ಡ ಪಾತ್ರೆ ಬೇಕು, ಅದು ಇಲ್ಲಿಲ್ಲ. ಹೊರದೇಶಕ್ಕೆ ಕರೀತಿದಾರೆ. ಅಲ್ಲಿ ಇನ್ನೂರು ಜನರನ್ನ ನಾನೇ ನಡೆಸಬೇಕಂತೆ," ಎಂದರು ಮೇಡಂ. ಖುಷಿಯಲ್ಲಿ ಹೇಳಿದರೋ ಬೇಜಾರಿನಲ್ಲೋ ತಿಳಿಯಲಿಲ್ಲ. ಹೋಗುವಾಗ ನೋಟ್‌ಬುಕ್ಕಿನ ದಾರ ಬಿಚ್ಚಿ ಅದನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು. ನನ್ನ ಕಾಗೆ ಕಾಲು ಅಕ್ಷರ ಅವರಿಗೆ ಏಕೆ ಬೇಕಿತ್ತೋ. ಈಗ ಒಮ್ಮೊಮ್ಮೆ ಬಸವ್ವ ಫೋನಿಗೆ ವಿಡಿಯೊ ಕಳಿಸುತ್ತಾಳೆ: ಮೇಡಂ ವೇದಿಕೆಯ ಮೇಲೆ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿರುತ್ತಾರೆ. ಕೂದಲು ಬೆಳ್ಳಗಾಗಿದೆ, ಪೆನ್ನು ಅಲ್ಲೇ ಇದೆ. ಏನು ಹೇಳುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಲ್ಯಾಬು ಮುಚ್ಚಿದ ವಾರ ನಾನು ಊರಿನ ಆ ತುದಿಯಲ್ಲಿದ್ದ ಚೌಡಮ್ಮನ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ನಿಲ್ಲಲಿಲ್ಲ, ಕೂರು ಎನ್ನಲೂ ಇಲ್ಲ.

"ಆ ಬೆಳೆ ಹೋಯ್ತಲ್ಲ, ಆವತ್ತು ನೀನು ಕೋಣೆ ಒಳಗೆ ಏನ್ ಮಾಡ್ದೆ?" ಎಂದು ನಿಂತೇ ಕೇಳಿದೆ.

"ಈಗ ಕೇಳಾಕ್ ಬಂದ್ಯಾ?"

"ಹೂಂ, ಈಗ."

"ನಾನು ಒಳಗೇ ಬಂದಿರ್ಲಿಲ್ಲ ಕಣಕ್ಕ. ಹುಳ ಸತ್ ಮೇಲೆ ಬಂದಿದ್ದು. ನೀನೇ ಕೂಗಿದ್ದೆ, ಎತ್ತಿ ತಿಪ್ಪೆಗೆ ಆಕು ಅಂತ."

"ತಟ್ಟೆ ಯಾರ್ ತೊಳ್ದಿದ್ದು?"

ಚೌಡಮ್ಮ ಅವರೆಕಾಯಿ ಬಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು. "ನೀನೇ. ಬ್ಯಾರೆಯೋರ್ನ ಮುಟ್ಟಾಕೆ ಎಲ್ಲಿ ಬುಡ್ತಿದ್ದೆ? ಆ ಸಲ ಪುಡಿ ಜಾಸ್ತಿ ಆಕಿದ್ದೆ. ಮೂಗು ಉರೀತಿತ್ತು. ಜಾಸ್ತಿ ಆಯ್ತು ಅಂತ ನಾನು ಏಳ್ದೆ. ಚಿಕ್ಕೋಳು ನಂಗೇ ಏಳ್ಕೊಡ್ತೀಯಾ ಅಂದೆ ನೀನು."

ನನಗೆ ಆ ಮಾತು ನೆನಪಿಲ್ಲ. ಅವಳು ಸುಳ್ಳು ಹೇಳುವವಳೂ ಅಲ್ಲ. ಪುಡಿ ಜಾಸ್ತಿಯಾಗಿತ್ತೋ, ಸೊಪ್ಪಿಗೆ ಪಕ್ಕದ ತೋಟದ ಔಷಧಿ ಹಾರಿತ್ತೋ, ಮೊಟ್ಟೆಯಲ್ಲೇ ರೋಗವಿತ್ತೋ, ಈಗ ಯಾವ ಮೇಡಂ ಬಂದು ಯಾವ ಕ್ಯಾಲೆಂಡರಿಗೆ ಗೀಟು ಹಾಕಿ ಹೇಳಬೇಕು? ಕ್ಷಮಿಸು ಎನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ. ಜಗಲಿಯ ಮೇಲೆ ಕೂತು ಅರ್ಧ ಮೊರ ಅವರೆಕಾಯಿ ಸುಲಿದುಕೊಟ್ಟು ಬಂದೆ.

ಆವತ್ತಿನಿಂದ ಹೋಗಿ ಬರುವುದು ನಡೆದಿದೆ. ಹೋದ ತಿಂಗಳು ಮೋರಿಯ ಹತ್ತಿರ ನಿಂತಿದ್ದೆನಲ್ಲ, ಆ ಚೀಲದಲ್ಲಿದ್ದ ದಂಟಿನ ಸೊಪ್ಪು ಅವಳಿಗೇ. ಇಸಿದುಕೊಂಡಳು, ನನ್ನ ಎದುರಿಗೇ ಬೋಸಿಗೆ ಹಾಕಿ ತೊಳೆದಳು. ನೀರು ಚೆಲ್ಲಿ ಮತ್ತೆ ತೊಳೆದಳು. ಮೂರನೇ ಸಲವೂ ನೀರು ಹಿಡಿದಳು.

"ಎಷ್ಟ್ ಸಲ ತೊಳೀತೀಯೆ?" ಎಂದೆ.

"ನೀನ್ ಮುಟ್ಟಿರೋದಲ್ವಕ್ಕ," ಎಂದಳು.